ಆರ್‌ವಿಯಲ್ಲಿ ಮಲಗಿದ್ದಾಗ ಬಿರುಗಾಳಿ ಬಂದರೆ

ಡಲ್ಲಾಸ್ ಕಡೆ ಇರುವ ನಮ್ಮಂಥವರಿಗೆ ಮೇ ತಿಂಗಳು ಬಂತೆಂದರೆ ಆರ್‌ವಿ, ಅಂದರೆ ಮನೆಯಂಥ ಗಾಡಿ, ಬಾಡಿಗೆಗೆ ತಗೊಂಡು ಒಕ್ಲಹೋಮಾಗೆ ಹೊರಡುವ ಆಸೆ. ಬಿರುಗಾಳಿ, ಆಲಿಕಲ್ಲು ಜಾಸ್ತಿ ಇರುವುದೂ ಆಗಲೇ. ಆರ್ಡ್‌ಮೋರ್ ಹತ್ತಿರದ ಲೇಕ್ ಮರ್ರಿ ಸ್ಟೇಟ್ ಪಾರ್ಕ್‌ಗೆ ಮೊದಲ ಸಲ ಹೋದಾಗ ಆನಿಂಗ್ (ಗಾಡಿಯ ಪಕ್ಕಕ್ಕೆ ಬಿಚ್ಚುವ ನೆರಳಿನ ಬಟ್ಟೆ) ಸುತ್ತದೆ ಮಲಗಿಬಿಟ್ಟೆವು. ರಾತ್ರಿ ಎರಡಕ್ಕೆ ಗಾಳಿ ಅದನ್ನು ಕಿತ್ತು, ಒಣಗಲು ಹಾಕಿದ್ದ ಟವೆಲ್ ಸಮೇತ ಚಾವಣಿ ಮೇಲೆ ಎಸೆಯಿತು.

ಅದಕ್ಕೂ ಮೊದಲು ಹವಾಮಾನದ ಎಚ್ಚರಿಕೆ ಹೇಳುವ ವೆದರ್ ರೇಡಿಯೊ ಕೂಗಿತ್ತು. "ಲವ್ ಕೌಂಟಿ ಅಂತೆ, ನಮಗಲ್ಲ ಬಿಡೇ" ಅಂದರು ಯಜಮಾನರು. ಕೌಂಟಿ ಅಂದರೆ ನಮ್ಮ ಜಿಲ್ಲೆ ಥರ. ಆ ಪಾರ್ಕ್ ಒಂದಷ್ಟು ಕಾರ್ಟರ್ ಕೌಂಟಿಯಲ್ಲಿದೆ, ಒಂದಷ್ಟು ಲವ್ ಕೌಂಟಿಯಲ್ಲಿ! ಎಚ್ಚರಿಕೆಯಲ್ಲಿ ಹೇಳುವುದು ಕೌಂಟಿ ಹೆಸರನ್ನೇ. ಹಾಗಾಗಿ ಹೋದ ತಕ್ಷಣ ಕೌಂಟಿ ಹೆಸರು, ಗಾಡಿ ನಿಲ್ಲಿಸುವ ಜಾಗದ (ಸೈಟ್) ನಂಬರ್ ಚೀಟಿಯಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿ. ಅಕ್ಕಪಕ್ಕದ ಕೌಂಟಿಗಳನ್ನೂ ಬರೆಯಿರಿ. ಚೆಕ್-ಇನ್ ಮಾಡುವಾಗಲೇ ಕೇಳಿ: "ಟೊರ್ನೇಡೊ ಬಂದರೆ ಎಲ್ಲಿಗೆ ಓಡಬೇಕು?" ಗಾಡಿ ನಿಲ್ಲಿಸುವ ಮುಂಚೆ ತಲೆ ಎತ್ತಿ ನೋಡಿ, ಒಣಗಿದ ಕೊಂಬೆ ಇದ್ದರೆ ಬೇರೆ ಜಾಗ ಕೇಳಿ. ತಗ್ಗು ಜಾಗವೂ ಬೇಡ.

ಎಚ್ಚರಿಕೆಯಲ್ಲಿ 'ವಾಚ್' ಅಂದರೆ ಒಲೆ ಮೇಲೆ ಹಾಲಿದೆ, ಬಿರುಗಾಳಿ ಬರಬಹುದು. 'ವಾರ್ನಿಂಗ್' ಅಂದರೆ ಉಕ್ಕುತ್ತಿದೆ, ಬಂದೇಬಿಟ್ಟಿತು. ಗಾಳಿ ಗಂಟೆಗೆ 58 ಮೈಲಿ ಮುಟ್ಟಿದರೆ ಅಥವಾ ಆಲಿಕಲ್ಲು ಒಂದು ಇಂಚು ದಪ್ಪವಿದ್ದರೆ ಆ ಗುಡುಗು ಮಳೆಯನ್ನು 'ಸಿವಿಯರ್' (ತೀವ್ರ) ಅನ್ನುತ್ತಾರೆ. ವಾಚ್ ಬಂದಾಗಲೇ ಆನಿಂಗ್ ಸುತ್ತಿ, ಸ್ಲೈಡ್-ಔಟ್ (ಗಾಡಿಯಿಂದ ಹೊರಗೆ ಚಾಚುವ ಭಾಗ) ಒಳಗೆಳೆದು, ಟಿವಿ ಆಂಟೆನಾ ಇಳಿಸಿ, ಚಾವಣಿಯ ವೆಂಟ್ ಮುಚ್ಚಿ. ಹೊರಗಿನ ಕುರ್ಚಿ ಒಳಗಿರಲಿ, ಗ್ಯಾಸ್ ಸಿಲಿಂಡರ್ ಬಂದ್ ಮಾಡಿ. ಕರೆಂಟ್ ವಿಷಯದಲ್ಲಿ ಕ್ರಮ ತಪ್ಪಬೇಡಿ: ಮೊದಲು ಸೈಟ್‌ನ ಕರೆಂಟ್ ಕಂಬದ ಬ್ರೇಕರ್ (ಸ್ವಿಚ್) ಆಫ್, ಆಮೇಲೆ ಗಾಡಿಯ ಪ್ಲಗ್ ಕೀಳುವುದು. ಸಿಡಿಲು ಹತ್ತಿರ ಬಂದಮೇಲೆ ಆ ತಂತಿ ಮುಟ್ಟಲೇಬಾರದು. ಲೈಟ್‌ಗೆ ಬ್ಯಾಟರಿ ಇದ್ದೇ ಇರುತ್ತಲ್ಲ.

ಗುಡುಗಿದಾಗ ಅಜ್ಜಿ "ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ" ಅನ್ನಿ ಅನ್ನುತ್ತಿದ್ದಳು. ನನ್ನ ಮಗಳು ಮಿಂಚು ಕಂಡಕೂಡಲೇ ಅದನ್ನೇ ಶುರು ಮಾಡುತ್ತಾಳೆ, ನಾನು ಪಕ್ಕದಲ್ಲಿ ಸೆಕೆಂಡ್ ಎಣಿಸುತ್ತೇನೆ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಆದರೆ ದೂರ ಇದೆ ಅಂತ ಹೊರಗೆ ಅಡ್ಡಾಡಬೇಡಿ. ಗುಡುಗು ಕೇಳಿಸಿತು ಅಂದರೆ ಸಿಡಿಲು ನಿಮಗೂ ತಾಗಬಹುದು. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಒಳಗೇ ಇರಿ. ಅಷ್ಟರಲ್ಲಿ ಸ್ನಾನ, ಪಾತ್ರೆ ತೊಳೆಯುವುದು ಬೇಡ.

ಒಳಗೆ ಅಂದೆನಲ್ಲ, ಆರ್‌ವಿಯೇ ಆಗಬೇಕೆಂದಿಲ್ಲ. ಎಷ್ಟೋ ಆರ್‌ವಿಗಳ ಮೈ ಫೈಬರ್‌ಗ್ಲಾಸ್. ಸಿಡಿಲಿಗೆ ತಗಡಿನ ಮೈಯ ಕಾರೇ ವಾಸಿ, ಕಿಟಕಿ ಮುಚ್ಚಿ ಕೂರಬೇಕು. ಟೊರ್ನೇಡೊ ವಾರ್ನಿಂಗ್ ಬಂದರೆ ಎರಡೂ ಕೆಲಸಕ್ಕೆ ಬಾರವು. ಚೆಕ್-ಇನ್‌ನಲ್ಲಿ ಕೇಳಿಟ್ಟುಕೊಂಡ ಗಟ್ಟಿ ಕಟ್ಟಡಕ್ಕೆ ನಡೆಯಿರಿ, ಸಾಮಾನು ಹುಡುಕಬೇಡಿ. ಅದಕ್ಕೇ ಮಲಗುವಾಗ ಶೂ, ಬೀಗದ ಕೈ, ಟಾರ್ಚ್ ಬಾಗಿಲ ಪಕ್ಕ ಇಡುತ್ತೇನೆ. ಕತ್ತಲಲ್ಲಿ ಒಂದೇ ಚಪ್ಪಲಿ ಹಾಕಿಕೊಂಡು ಓಡಿದ್ದೇನೆ, ಬೇಡ.

ಬೆಳಗ್ಗೆ ಮೊದಲು ವೆಂಟ್‌ನ ಪ್ಲಾಸ್ಟಿಕ್ ಮುಚ್ಚಳ ಒಡೆದಿದೆಯಾ ನೋಡಿ. ಬ್ರೇಕರ್ ಆಫ್ ಇರುವಾಗಲೇ ಪ್ಲಗ್ ಹಾಕಿ, ಆಮೇಲೆ ಆನ್ ಮಾಡಿ. ಒದ್ದೆ ಆನಿಂಗ್ ಸುತ್ತಿಟ್ಟಿದ್ದರೆ ಬಿಸಿಲಿಗೆ ಬಿಚ್ಚಿಡಿ, ಇಲ್ಲವಾದರೆ ಮುಗ್ಗಲು ವಾಸನೆ ಮನೆ ತನಕ ಬರುತ್ತದೆ.