ನಿವೃತ್ತಿಗೆ ಊರು ಹುಡುಕುವಾಗ: ನೀರು ಮೊದಲು, ಮನೆ ಆಮೇಲೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಬೆಂಗಳೂರಿಗೆ ಹೆಚ್ಚುಕಡಿಮೆ 60–70 ಕಿ.ಮೀ. ದೂರದಲ್ಲಿವೆ, ಹಾಗಾಗಿ ದೂರ ನೋಡಿ ಆರಿಸುವಂತಿಲ್ಲ. ನಾವು ಆರಿಸಿದ್ದು ನೀರು ನೋಡಿ.

ತುಮಕೂರು ನಗರಕ್ಕೆ ಹೇಮಾವತಿ ನಾಲೆಯ ನೀರು ಬುಗುಡನಹಳ್ಳಿ ಕೆರೆಗೆ ಬಂದು ಅಲ್ಲಿಂದ ಸಿಗುತ್ತದೆ. ಚಿಕ್ಕಬಳ್ಳಾಪುರಕ್ಕೆ ಜಕ್ಕಲಮಡಗು ಜಲಾಶಯ. ಮಳೆ ಕೈಕೊಟ್ಟರೆ ಬೋರ್‌ವೆಲ್ಲೇ ಗತಿ. ಕೋಲಾರದ ಕೆರೆಗಳಿಗೆ 2018ರಿಂದ ಬರುತ್ತಿರುವ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ನೀರು ಬೆಂಗಳೂರಿನ ಒಳಚರಂಡಿ ನೀರನ್ನು ಸಂಸ್ಕರಿಸಿದ್ದು. ಅದು ಅಂತರ್ಜಲ ಏರಿಸಲಿಕ್ಕೆ, ಕುಡಿಯಲಿಕ್ಕಲ್ಲ. ಕೆರೆ ತುಂಬಿದೆಯಲ್ಲ ಅಂತ ಪಕ್ಕದಲ್ಲೇ ಸೈಟು ಮಾಡುವವರು ಇದನ್ನು ಮರೆಯುತ್ತಾರೆ.

ಮನೆ ಮಾಲೀಕರನ್ನು ಕೇಳಿದರೆ "ನೀರಿಗೇನೂ ತೊಂದರೆ ಇಲ್ಲ ಸಾರ್" ಅಂತಲೇ ಅನ್ನುತ್ತಾರೆ. ಕೇಳಬೇಕಾದ್ದು ಬಡಾವಣೆಗೆ ನೀರು ಬಿಡುವ ವಾಲ್ವ್‌ಮನ್‌ನನ್ನು, ಹಳ್ಳಿಯಾದರೆ ನೀರುಗಂಟಿಯನ್ನು: "ಹೋದ ಏಪ್ರಿಲ್‌ನಲ್ಲಿ ಎಷ್ಟು ದಿನಕ್ಕೊಂದ್ಸಲ ಬಿಟ್ರಿ?" ಬಂದ ಉತ್ತರವನ್ನು 270ರಿಂದ ಗುಣಿಸಿ, ತಲೆಗೆ ದಿನಕ್ಕೆ 135 ಲೀಟರಿನಂತೆ ಇಬ್ಬರ ಲೆಕ್ಕ ಅದು. ಎಂಟು ದಿನಕ್ಕೊಮ್ಮೆ ಅಂದರೆ 2,160 ಲೀಟರ್. ಒಂದು ಸರದಿ ತಪ್ಪುವುದು ಮಾಮೂಲು, ಹಾಗಾಗಿ ಸಂಪು ಹೆಚ್ಚುಕಡಿಮೆ ಅದರ ಎರಡರಷ್ಟಿರಲಿ. ಉದ್ದ 6, ಅಗಲ 5, ಆಳ 5 ಅಡಿ ಇದ್ದರೆ ಸುಮಾರು 4,200 ಲೀಟರ್ ಹಿಡಿಯುತ್ತದೆ.

ಇದಕ್ಕಿಂತ ದೊಡ್ಡ ತಲೆನೋವು ಫ್ಲೋರೈಡ್, ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವಂಥದ್ದು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ, ಇತ್ತ ತುಮಕೂರು ಜಿಲ್ಲೆಯ ಪಾವಗಡ, ಶಿರಾ ಸುತ್ತ ಆಳದ ಬೋರ್‌ವೆಲ್‌ಗಳ ಹಳೇ ರೋಗ ಇದು. ಬಂಡೆಯ ಸಂದಿಯಲ್ಲಿ ನೀರು ನಿಂತಷ್ಟೂ ಫ್ಲೋರೈಡ್ ಕರಗಿ ಸೇರುತ್ತದೆ. ನೀರಿನಲ್ಲಿ ಕರಗಿದ ಲವಣಗಳನ್ನೆಲ್ಲ ಒಟ್ಟಾಗಿ ಅಳೆಯುವ ಜೇಬಿನ ಟಿಡಿಎಸ್ ಮೀಟರ್ ಇದನ್ನು ತೋರಿಸಲ್ಲ. 400 ಬಂತು, ನೀರು ಚೆನ್ನಾಗಿದೆ ಅಂದುಕೊಂಡವರೇ ಹೆಚ್ಚು. ಮೋಟಾರ್ 10 ನಿಮಿಷ ಓಡಿಸಿ, ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಜಾಲಿಸಿ, ಒಂದು ಲೀಟರ್ ಹಿಡಿದು ಪ್ರಯೋಗಾಲಯಕ್ಕೆ ಕೊಡಿ. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿಗೆ ಅಂಟಿ ಲೆಕ್ಕ ತಪ್ಪಬಹುದು. ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಸರಿ, 1.5 ದಾಟಿದರೆ ಕುಡಿಯಬೇಡಿ. ಕುದಿಸಿದರೆ ಹೋಗಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಆರ್‌ಒ ಫಿಲ್ಟರ್ ತೆಗೆಯುತ್ತದೆ, ಆದರೆ ಒಂದು ಬಿಂದಿಗೆಗೆ ಎರಡು ಮೂರು ಬಿಂದಿಗೆ ಆಚೆ ಬಿಡುತ್ತದೆ. ಅದನ್ನು ಬಕೆಟ್ಟಿಗೆ ಹಿಡಿದು ಕಕ್ಕಸಿಗೆ ಬಳಸಿ.

ನನ್ನ ಕೇಳಿದರೆ ಮಳೆನೀರೇ ವಾಸಿ. ಇಬ್ಬರಿಗೆ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಸಾಕು. 5,000 ಲೀಟರಿನ ತೊಟ್ಟಿ ಹಿಂಗಾರು ಮುಗಿಯುವಾಗ ತುಂಬಿದ್ದರೆ 250 ದಿನ, ಅಂದರೆ ಮುಂಗಾರು ಹಿಡಿಯುವವರೆಗೂ ಬರುತ್ತದೆ. ಮೊದಲ ಹತ್ತು ನಿಮಿಷದ ಮಳೆಯನ್ನು ಹೊರಗೆ ಬಿಡಬೇಕು. ತಾರಸಿಯ ಧೂಳು, ಪಾರಿವಾಳದ ಹಿಕ್ಕೆ ಎಲ್ಲ ಅದರಲ್ಲೇ ಬರುವುದು.

ನೀರಾದ ಮೇಲೆ ಆಸ್ಪತ್ರೆ. ಅಲ್ಲಿಗೆ ಹಗಲಲ್ಲಿ ಹೋಗಿ ನೋಡಿದರೆ ಪ್ರಯೋಜನವಿಲ್ಲ. ರಾತ್ರಿ 11ಕ್ಕೆ ಹೋಗಿ, ಈಗ ಎದೆನೋವು ಬಂದರೆ ಆಂಜಿಯೋಪ್ಲಾಸ್ಟಿ ಇಲ್ಲೇ ಮಾಡುತ್ತೀರಾ, ಬೆಂಗಳೂರಿಗೆ ಕಳಿಸುತ್ತೀರಾ ಅಂತ ಕೇಳಿ. ರೈಲಿನ ಮಾತಿಗೆ ಬಂದರೆ ತುಮಕೂರಿಗೆ ಎದುರಿಲ್ಲ, ಮುಖ್ಯ ಮಾರ್ಗದಲ್ಲೇ ಇದೆ. ಕೋಲಾರದ ನಿಲ್ದಾಣ ಕವಲು ಮಾರ್ಗದ್ದು. ದೂರದ ಗಾಡಿಗೆ ಬಂಗಾರಪೇಟೆಗೇ ಹೋಗಬೇಕು.

ಕೊಳ್ಳುವ ಮೊದಲು ಬಾಡಿಗೆಗಿರಿ. 11 ತಿಂಗಳ ಕರಾರನ್ನು ಫೆಬ್ರವರಿಯಲ್ಲಿ ಶುರು ಮಾಡಿದರೆ ಬೇಸಿಗೆ ಮೊದಲಿಗೇ ಸಿಗುತ್ತದೆ. ಮೊದಲ ಟ್ಯಾಂಕರ್ ತರಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದು ಮಾರ್ಚ್ ಮುಗಿಯುವ ಮುಂಚೆ ಬಿದ್ದರೆ ಆ ಬಡಾವಣೆಯಲ್ಲಿ ಸೈಟು ಬೇಡ.