ಹಳೇ ಮೋಟಾರ್‌ಹೋಮ್‌ಗೆ ಯಾವ ಆಕ್ಸಲ್ ರೇಶಿಯೋ? ಮೊದ್ಲು ಚಾಕ್‌ಪೀಸ್ ಹುಡುಕಿ

ಅಮೆರಿಕದಲ್ಲಿ ಎಂಬತ್ತರ ದಶಕದ ಫೋರ್ಡ್ ಇ-350 ಮೋಟಾರ್‌ಹೋಮ್ (ಒಳಗೇ ಮನೆ ಇರೋ ಗಾಡಿ) ಅಗ್ಗಕ್ಕೆ ಸಿಕ್ತು ಅಂತ ತಗೊಂಡೋರು, ಹೈವೇಲಿ ಇಂಜಿನ್ ಕಿರುಚತ್ತೆ, ಪೆಟ್ರೋಲ್ ಕುಡಿಯತ್ತೆ ಅಂತ ಹಿಂದಿನ ಆಕ್ಸಲ್‌ನ 4.10 ಗೇರ್ ಬಿಚ್ಚಿಸಿ 3.55 ಹಾಕ್ಸಿಬಿಡ್ತಾರೆ. ಆಕ್ಸಲ್ ರೇಶಿಯೋ ಅಂದ್ರೆ ಚಕ್ರಗಳು ಒಂದು ಸುತ್ತು ಬರಕ್ಕೆ ಗೇರ್‌ಬಾಕ್ಸಿಂದ ಬರೋ ಡ್ರೈವ್ ಶಾಫ್ಟ್ ಎಷ್ಟು ಸುತ್ತಬೇಕು ಅನ್ನೋದು; ಸಂಖ್ಯೆ ಇಳಿದ್ರೆ ಇಂಜಿನ್ ನಿಧಾನ ತಿರುಗತ್ತೆ, ಎಳೆಯೋ ಬಲವೂ ಇಳಿಯತ್ತೆ. ಆಮೇಲೆ ಘಾಟಿ ಬಂದ್ರೆ ಗಾಡಿ ಸೆಕೆಂಡ್ ಗೇರ್ ಬಿಟ್ಟು ಮೇಲಕ್ಕೆ ಹೋಗಲ್ಲ, ಗೇರ್‌ಬಾಕ್ಸ್ ಆಯಿಲ್ ಕಾದು ಕಮಟು ವಾಸ್ನೆ.

ಮೊದ್ಲು ಈಗ ಇರೋದೇನು ನೋಡಿ. ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್ ಮಧ್ಯದ ಗೇರ್ ಡಬ್ಬಿ) ಕವರ್ ಬೋಲ್ಟಲ್ಲಿ ತಗಡಿನ ಟ್ಯಾಗ್ ಇದ್ರೂ ನಂಬ್ಬೇಡಿ, ಇಷ್ಟು ವರ್ಷದಲ್ಲಿ ಯಾರು ಏನು ಬದಲಾಯ್ಸಿದಾರೋ. ಸಮತಟ್ಟು ಜಾಗದಲ್ಲಿ ಮುಂದಿನ ಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಟ್ಟು, ಹಿಂದೆ ಒಂದು ಕಡೆ ಜಾಕ್ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಟ್ಟು (ಬರೀ ಜಾಕ್ ನಂಬಿ ಕೆಳಗೆ ನುಗ್ಬೇಡಿ, ಒಂದು ಚಕ್ರ ಎತ್ತಿದ್ಮೇಲೆ ಪಾರ್ಕ್ ಕೂಡ ಗಾಡಿ ಹಿಡಿಯಲ್ಲ), ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಡಿ. ಟೈರಿಗೂ ಡ್ರೈವ್ ಶಾಫ್ಟಿಗೂ ಚಾಕ್ ಗೆರೆ ಎಳೆದು ಚಕ್ರಾನ ಸರಿಯಾಗಿ 20 ಸುತ್ತು ತಿರುಗಿಸಿ. ಒಂದೇ ಚಕ್ರ ತಿರುಗೋದ್ರಿಂದ ಶಾಫ್ಟ್ ಅರ್ಧದಷ್ಟೇ ಸುತ್ತತ್ತೆ, ಅದಕ್ಕೇ 20: ಶಾಫ್ಟ್ 41 ಸುತ್ತು ಬಂದ್ರೆ 4.10, 45 ದಾಟಿ ಅರ್ಧಕ್ಕೆ ಬಂದ್ರೆ 4.56. ಎರಡೇ ಸುತ್ತು ತಿರುಗಿಸಿ ಅಂದಾಜಲ್ಲಿ ಹೇಳೋರೇ ತಪ್ಪೋದು. ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ನೆ ಸುತ್ತದ ಹಾಗೆ ತಡೆಯೋ ಡಿಫರೆನ್ಷಿಯಲ್) ಇದ್ರೆ ಈ ಲೆಕ್ಕ ನಡೆಯಲ್ಲ, ಎರಡೂ ಚಕ್ರ ಎತ್ತಿ ಒಟ್ಟಿಗೆ 10 ಸುತ್ತು ತಿರುಗಿಸ್ಬೇಕು.

ಇನ್ನು ಟೈರು. ಸೈಡಲ್ಲಿ ಬರೆದಿರೋ ಸೈಜಿಂದ ಲೆಕ್ಕ ಹಾಕ್ಬೇಡಿ. 225/75ಆರ್16 ಕಾಗದದ ಮೇಲೆ 29.3 ಇಂಚು ವ್ಯಾಸ, ಆದ್ರೆ ನೀರು, ಸಾಮಾನು, ಜನ ಎಲ್ಲಾ ತುಂಬಿದ್ರೆ ಟೈರು ಕೆಳಗೆ ಒತ್ಕೊಂಡು ಇನ್ನೂ ಸಣ್ಣದಾಗತ್ತೆ. ಲೋಡ್ ಸಮೇತ ನೆಲದ ಮೇಲೆ ಒಂದು ಸುತ್ತು ಉರುಳಿಸಿ, ಓಡಿದ ಇಂಚನ್ನ 3.14ರಿಂದ ಭಾಗಿಸಿ. 28.5 ಬಂತು ಅಂದ್ಕೊಳ್ಳಿ. ಮೈಲಿ ವೇಗ ಗುಣಿಸು ರೇಶಿಯೋ ಗುಣಿಸು 336, ಅದನ್ನ ಟೈರಿನ ಈ ವ್ಯಾಸದಿಂದ ಭಾಗಿಸಿ, ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತತ್ತೆ (ಆರ್‌ಪಿಎಂ) ಅಂತ ಸಿಗತ್ತೆ: ಗಂಟೆಗೆ 60 ಮೈಲಿಗೆ 4.10ಲ್ಲಿ ಸುಮಾರು 2900 ಆರ್‌ಪಿಎಂ, 3.55ಲ್ಲಿ 2500.

ಫೋರ್ಡಿನ ಮೂರು ಗೇರಿನ ಸಿ6 ಆಟೋಮ್ಯಾಟಿಕ್ ಗೇರ್‌ಬಾಕ್ಸ್, 460 ಅನ್ನೋ ದೊಡ್ಡ ವಿ8 ಇಂಜಿನ್ ಇದ್ರೆ ನಾನಂತೂ 4.10 ಬಿಡಲ್ಲ. ಮನೆಯಷ್ಟು ಅಗಲದ ಡಬ್ಬಾ ಗಾಳಿ ಸೀಳ್ಕೊಂಡು ಹೋಗ್ಬೇಕು, ಇಂಜಿನ್ ಮುಕ್ಕಿದ್ರೆ ಪೆಟ್ರೋಲೂ ಉಳಿಯಲ್ಲ. ಕೊಲೊರಾಡೋ ಕಡೆ 11,000 ಅಡಿ ಹತ್ತೋರು ಇನ್ನೂ ಹುಷಾರು, ಅಲ್ಲಿ ಕಾರ್ಬ್ಯುರೇಟರ್ ಇಂಜಿನ್‌ಗೆ ಶಕ್ತಿ ಮೂರನೇ ಒಂದು ಭಾಗದಷ್ಟು ಹೋಗಿರತ್ತೆ. ಸದ್ದು ತಡಿಯಕ್ಕಾಗಲ್ಲ ಅಂದ್ರೆ ಓವರ್‌ಡ್ರೈವ್ (ಹೈವೇಲಿ ಇಂಜಿನ್ ನಿಧಾನ ತಿರುಗೋ ಹಾಗೆ ಮಾಡೋ ಹೆಚ್ಚುವರಿ ಗೇರ್) ಹಾಕ್ಸಿ, ದುಬಾರಿ, ಆದ್ರೆ ಏರು ಬಂದಾಗ ಆಫ್ ಮಾಡ್ಬೋದು.

ಡೇನಾ ಕಂಪನಿಯ 60, 70 ಮಾದರಿ ಆಕ್ಸಲಲ್ಲಿ 4.56ರಿಂದ 4.10ಕ್ಕೆ ಬರೋದಾದ್ರೆ ಒಳಗಿನ ಕ್ಯಾರಿಯರೂ (ದೊಡ್ಡ ಕ್ರೌನ್ ಗೇರ್ ಕೂರೋ ಭಾಗ) ಬದಲಾಯ್ಸ್ಬೇಕು, ಕೊಟೇಶನ್‌ನಲ್ಲಿ ಅದು ಇದ್ಯಾ ಮೊದ್ಲೇ ಕೇಳಿ. ಕ್ರೌನ್, ಅದನ್ನ ತಿರುಗಿಸೋ ಚಿಕ್ಕ ಪಿನಿಯನ್ ಗೇರ್ ಜೋಡಿಯಾಗೇ ಹೊಸದು ಹಾಕ್ಸಿ, ಸೆಟ್ಟಿಂಗ್ ಮನೇಲಿ ಮಾಡಕ್ಕೆ ಹೋಗ್ಬೇಡಿ. 500 ಮೈಲಿಗೆ ಆಯಿಲ್ ಬದಲಾಯ್ಸಿ, ಜೊತೆಗೆ ಸ್ಪೀಡೋಮೀಟರ್ ಗೇರೂ ಬದಲಾಯ್ಸಿ, ಇಲ್ಲಾಂದ್ರೆ ಮೀಟರ್ ತೋರ್ಸೋದೆಲ್ಲಾ ಸುಳ್ಳು.