ಜಪಾನಿನಲ್ಲಿ ಕ್ರಿಸ್‌ಮಸ್ ಊಟಕ್ಕೆ ಕರೆಯುವ ಸಂಸಾರಗಳಿಗೆ

ಜಪಾನಿಗೆ ಸುವಾರ್ತಾ ಸೇವೆಗೆಂದು ಹೊರಡುವ ನಮ್ಮ ಕರಾವಳಿ ಕಡೆಯ ಎಳೆಯ ಸಂಸಾರಗಳು ಪೆಟ್ಟಿಗೆಗೆ ಮೊದಲು ಹಾಕುವುದು ಮಿಕ್ಸಿ. ಅದನ್ನು ತೆಗೆದಿಡಿ. ಅಲ್ಲಿ ಮನೆಗೆ ಬರುವುದು 100 ವೋಲ್ಟ್ ಕರೆಂಟು, ನಮ್ಮದು 230. ಇಲ್ಲಿಯ ಮಿಕ್ಸಿ ಅಲ್ಲಿ ಗೊರಗುಟ್ಟುತ್ತದೆಯೇ ಹೊರತು ಅರೆಯುವುದಿಲ್ಲ. ಮಸಾಲೆಯನ್ನು ಊರಲ್ಲೇ ಹುರಿದು ಪುಡಿ ಮಾಡಿಸಿಕೊಳ್ಳಿ, ತೆಂಗಿನ ಹಾಲು ಅಲ್ಲಿ ಡಬ್ಬಿಯಲ್ಲಿ ಸಿಗುತ್ತದೆ. ತಳ ಗುಂಡಗಿರುವ ಅಲ್ಯೂಮಿನಿಯಂ ಬಾಣಲೆಯೂ ಬೇಡ. ಎಷ್ಟೋ ಮನೆಗಳಲ್ಲಿ ಇಂಡಕ್ಷನ್ ಒಲೆ. ಗ್ಯಾಸ್ ಇದ್ದರೂ ಬರ್ನರಿನ ನಡುವೆ ಗುಂಡಿಯಂತೆ ಒಂದು ಸೆನ್ಸರ್ ಇರುತ್ತದೆ, ಪಾತ್ರೆ ತೀರಾ ಕಾದರೆ ಬೆಂಕಿಯನ್ನು ತಾನೇ ಇಳಿಸಿಬಿಡುತ್ತದೆ. ಚಪ್ಪಟೆ ತಳದ ಕಬ್ಬಿಣದ ಬಾಣಲೆ ಎರಡಕ್ಕೂ ಆಗುತ್ತದೆ. ಹಸಿ ಕರಿಬೇವು, ಹಣ್ಣು, ಮಾಂಸದ ಉಪ್ಪಿನಕಾಯಿ ಒಯ್ದರೆ ವಿಮಾನ ನಿಲ್ದಾಣದಲ್ಲೇ ಹೋಗುತ್ತದೆ. ರೋಸ್ ಕುಕ್ಕೀಸಿನ ಅಚ್ಚು ಮಾತ್ರ ಖಂಡಿತ ಮರೆಯಬೇಡಿ.

ಕ್ರಿಸ್‌ಮಸ್ ಊಟಕ್ಕೆ 24ರ ರಾತ್ರಿ ಕರೆದರೆ ಯಾರೂ ಬರುವುದಿಲ್ಲ. ಅದು ಅಲ್ಲಿ ಪ್ರಾಯದ ಜೋಡಿಗಳ ರಾತ್ರಿ. ಮಕ್ಕಳಿರುವ ಮನೆಯವರು ಕೆಎಫ್‌ಸಿಯ ಕೋಳಿಯನ್ನು ಮೊದಲೇ ಬುಕ್ ಮಾಡಿ ಇಟ್ಟಿರುತ್ತಾರೆ. 1974ರಲ್ಲಿ ಆ ಕಂಪನಿ ಜಾಹೀರಾತು ಹೊರಡಿಸಿ ಹಬ್ಬಿಸಿದ ರೂಢಿ ಅದು. ಜೊತೆಗೆ ಕ್ರೀಮು, ಸ್ಟ್ರಾಬೆರಿಯ ಕೇಕು. 25 ರಜೆಯೂ ಅಲ್ಲ, ಶಾಲೆಯವರಿಗೆ ಚಳಿಗಾಲದ ರಜೆ ಸಿಕ್ಕರೆ ಸಿಕ್ಕಿತು, ಗಂಡಸರೆಲ್ಲ ಆಫೀಸಿನಲ್ಲೇ. ಆದ್ದರಿಂದ ಡಿಸೆಂಬರ್ ಮೊದಲ ಅಥವಾ ಎರಡನೆಯ ಶನಿವಾರದ ಮಧ್ಯಾಹ್ನ ಇಟ್ಟುಕೊಳ್ಳಿ. ಅದು ದಾಟಿದರೆ ಆಫೀಸಿನವರ ವರ್ಷಾಂತ್ಯದ ಕೂಟಗಳು, ಮನೆಯ ದೊಡ್ಡ ಗುಡಿಸುವಿಕೆ ಶುರುವಾಗುತ್ತವೆ. ಎಂದು ಶುರು, ಎಷ್ಟು ಹೊತ್ತಿಗೆ ಮುಗಿಯುತ್ತದೆ, ಎರಡನ್ನೂ ಹೇಳಿಬಿಡಿ. ಹನ್ನೆರಡಕ್ಕೆ ಅಂದರೆ ಹನ್ನೆರಡಕ್ಕೇ ಗಂಟೆ ಬಾರಿಸುತ್ತಾರೆ, ಆಗ ನೀವು ಒಗ್ಗರಣೆ ಹಾಕುತ್ತಾ ಇರಬಾರದು.

ಕರೆಯುವ ರೀತಿಯ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುವವಳು. ಬರೀ ಊಟಕ್ಕೆ ಎಂದು ಕರೆದು, ಬಾಗಿಲು ಹಾಕಿ ಪ್ರಸಂಗ ಮಾಡುವುದು ಎಲ್ಲಿಯೂ ಸಲ್ಲದು, ಜಪಾನಿನಲ್ಲಂತೂ ಆಗಲೇ ಆಗದು. 1995ರಲ್ಲಿ ಓಮ್ ಶಿನ್‌ರಿಕ್ಯೋ ಪಂಥದವರು ಟೋಕಿಯೋ ಸಬ್‌ವೇಯಲ್ಲಿ ವಿಷಾನಿಲ ಬಿಟ್ಟ ಮೇಲೆ ಮನೆಗೆ ಕರೆದು ಧರ್ಮ ಮಾತಾಡುವವರೆಂದರೆ ಜನರಿಗೆ ದಿಗಿಲು. 2022ರಲ್ಲಿ ಮಾಜಿ ಪ್ರಧಾನಿ ಶಿಂಜೋ ಅಬೆಯವರ ಹತ್ಯೆಯಾದಾಗ ಕೊಂದವನ ತಾಯಿ ಒಂದು ಪಂಥಕ್ಕೆ ಮನೆಯ ಹಣವನ್ನೆಲ್ಲ ಕೊಟ್ಟಿದ್ದ ಸಂಗತಿ ಬೀದಿಗೆ ಬಂತು. ಅದೇ ಡಿಸೆಂಬರಿನಲ್ಲಿ ಬಲವಂತದ ಕಾಣಿಕೆಯನ್ನು ತಡೆಯಲು ಕಾನೂನೂ ಆಯಿತು. ಪಕ್ಕದ ಮನೆಯಾಕೆ ನಿಮ್ಮ ಕಾಗದ ನೋಡಿ ತಡೆದು ನಿಂತರೆ ಅದರಲ್ಲಿ ಅವಳ ತಪ್ಪಿಲ್ಲ. ಹಾಗಾಗಿ ಆಮಂತ್ರಣದಲ್ಲೇ ಬರೆಯಿರಿ: ನಾವು ಕ್ರೈಸ್ತರು, ಇದು ನಮ್ಮ ಹಬ್ಬ, ಊಟಕ್ಕೆ ಮೊದಲು ಚಿಕ್ಕ ಪ್ರಾರ್ಥನೆ ಇದೆ, ಯೇಸು ಹುಟ್ಟಿದ ಕಥೆ ಓದುತ್ತೇವೆ, ಹಣ ಎತ್ತುವುದಿಲ್ಲ. ಮಕ್ಕಳನ್ನು ಕರೆಯುವುದಾದರೆ ತಾಯಿತಂದೆಯರ ಒಪ್ಪಿಗೆ ಮೊದಲು. ಸಾಧ್ಯವಾದರೆ ಅವರನ್ನೂ ಕರೆಯಿರಿ, ತಾಯಂದಿರು ಬಂದರೆ ಅಡುಗೆಮನೆಯಲ್ಲೇ ಅರ್ಧ ಸ್ನೇಹ ಬೆಳೆಯುತ್ತದೆ.

ಮನೆಯೊಳಗಿನ ಮಾತು ಎಷ್ಟು ದೂರ ಹೋಗುತ್ತದೆ ಎಂಬುದನ್ನು ಆ ದೇಶದವರೇ ತೋರಿಸಿದ್ದಾರೆ. ಫ್ರಾನ್ಸಿಸ್ ಜೇವಿಯರ್ ನಮ್ಮ ಗೋವೆಯಿಂದ ಹೊರಟು 1549ರಲ್ಲಿ ಕಾಗೋಶಿಮಾದಲ್ಲಿ ಇಳಿದ. 1614ರಲ್ಲಿ ದೇಶದಲ್ಲೆಲ್ಲ ಕ್ರೈಸ್ತ ಧರ್ಮಕ್ಕೆ ನಿಷೇಧ ಬಂತು, ನಿಷೇಧದ ಹಲಗೆಗಳನ್ನು ಕಿತ್ತದ್ದು 1873ರಲ್ಲಿ. ನಡುವಿನ ಬಹುಪಾಲು ಕಾಲ ನಾಗಸಾಕಿಯ ಸುತ್ತಲಿನ ಹಳ್ಳಿಗಳ ಜನ ಪಾದ್ರಿಯಿಲ್ಲದೆ, ದೇವಾಲಯವಿಲ್ಲದೆ ಪ್ರಾರ್ಥನೆಗಳನ್ನು ಮನೆಯಲ್ಲೇ ಬಾಯಿಪಾಠ ಮಾಡಿ ಮಕ್ಕಳಿಗೆ ದಾಟಿಸಿದರು. ಇಂದಿಗೂ ಅಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರು. ಒಂದು ಡಿಸೆಂಬರಿನಲ್ಲಿ ಲೆಕ್ಕ ತೋರಿಸಬೇಕೆಂಬ ಆತುರ ಯಾಕೆ ಹೇಳಿ?

ಊಟಕ್ಕೆ ಬರೋಣ. ಬಿರಿಯಾನಿ ಮಾಡಿ ಮೆರೆಯಬೇಕೆಂದಿಲ್ಲ. ಅಲ್ಲಿಯ ಅಕ್ಕಿ ಅಂಟು, ಪಲಾವು ಮುದ್ದೆಯಾಗುತ್ತದೆ. ಅದೇ ಅನ್ನವನ್ನು ಬರೀ ಅನ್ನವಾಗಿ ಬಡಿಸಿದರೆ ಅವರಿಗೆ ಪರಮ ಸಂತೋಷ. ನನ್ನ ಮಾತು ಕೇಳುವುದಾದರೆ ಕೋರಿ ರೊಟ್ಟಿ ಮಾಡಿ. ರೊಟ್ಟಿ ಹಗುರ, ಊರಿಂದ ಒಯ್ಯುವಾಗ ಪುಡಿಯಾದರೂ ನಷ್ಟವಿಲ್ಲ, ಹೇಗೂ ಮುರಿದೇ ತಿನ್ನುವುದು. ಸೆಂಬೆ ಎಂಬ ಅಕ್ಕಿಯ ಗರಿಗರಿ ಬಿಲ್ಲೆ ಕಡಿದು ಬೆಳೆದ ಜನ ಅವರು. ತಟ್ಟೆಯಲ್ಲಿ ರೊಟ್ಟಿಯನ್ನು ಚಟಚಟ ಮುರಿದು ಮೇಲೆ ಬಿಸಿ ಗಸಿ ಹೊಯ್ದುಕೊಳ್ಳುವುದನ್ನು ನೀವೇ ಮೊದಲು ಮಾಡಿ ತೋರಿಸಿ. ಆಮೇಲೆ ನೋಡಿ ತಮಾಷೆ. ಗರಿಗರಿ ಇರುವಾಗಲೇ ತಿನ್ನಬೇಕು ಎನ್ನುವವರು ಒಂದು ಪಕ್ಷ, ನೆನೆದು ಮೆತ್ತಗಾಗಲಿ ಎನ್ನುವವರು ಇನ್ನೊಂದು. ಮಾತೇ ಆಡದ ಎದುರು ಮನೆಯ ಅಜ್ಜ ಕೂಡ ಯಾವುದಾದರೂ ಒಂದು ಪಕ್ಷ ಸೇರಿಕೊಳ್ಳುತ್ತಾರೆ. ಗಸಿಗೆ ಬಣ್ಣಕ್ಕಷ್ಟೇ ಬ್ಯಾಡಗಿ ಮೆಣಸು, ಖಾರದ ಮೆಣಸು ಬೇಡವೇ ಬೇಡ. ನೆವ್ರಿಯ ಹೂರಣಕ್ಕೂ ಸಕ್ಕರೆ ಅರ್ಧಕ್ಕೆ ಇಳಿಸಿ, ನಮ್ಮ ಸಿಹಿ ಅವರಿಗೆ ಹಲ್ಲು ಜುಮ್ಮೆನ್ನಿಸುತ್ತದೆ. ಟೋಕಿಯೋ, ಒಸಾಕಾ ಕಡೆ ಚಳಿಗಾಲ ಒಣಹವೆ, ಕರಿದ ತಿಂಡಿ ನಮ್ಮೂರಿಗಿಂತ ಚೆನ್ನಾಗಿ ಗರಿಗರಿ ಉಳಿಯುತ್ತದೆ. ಮುಂಚೆಯೇ ಕರಿದಿಟ್ಟರೆ ಆ ದಿನ ಕೈ ಬಿಡುವು.

ಬರುವವರಲ್ಲಿ ಯಾರಿಗೆ ಏನು ಆಗದು ಎಂದು ಕೇಳಿಯೇ ಅಡುಗೆಗೆ ಇಳಿಯಿರಿ. ಜಪಾನಿನವರಲ್ಲಿ ಕೆಲವರಿಗೆ ಸೋಬಾ (ಬಕ್‌ವೀಟ್) ಹಿಟ್ಟಿನ ಅಲರ್ಜಿ ಇರುತ್ತದೆ, ಸ್ವಲ್ಪ ತಗುಲಿದರೂ ಉಸಿರು ಕಟ್ಟಬಹುದು. ಇಂಡೋನೇಷ್ಯಾದ ಮುಸ್ಲಿಂ ವಿದ್ಯಾರ್ಥಿಗಳಿಗೆ ಹಂದಿ ಬೇಡ ಎಂದರೆ ಮುಗಿಯಲಿಲ್ಲ, ಅಡುಗೆಗೆ ಹಾಕುವ ಸಿಹಿ ರಸ ಮಿರಿನ್‌ನಲ್ಲಿ ಮದ್ಯ ಇದೆ, ಜೆಲಾಟಿನ್ ಎಲ್ಲೆಲ್ಲೋ ಇದೆ. ನೇಪಾಳದ ಮಕ್ಕಳಲ್ಲಿ ಹೆಚ್ಚಿನವರು ದನ ತಿನ್ನುವುದಿಲ್ಲ, ಅಂಗಡಿಯಲ್ಲಿ ಸಿಗುವ ಕರ‍್ರಿ ಮಸಾಲೆಯ ಗಟ್ಟಿಗಳಲ್ಲಿ ಬಹಳಷ್ಟಕ್ಕೆ ದನ ಹಂದಿಯ ಕೊಬ್ಬು ಸೇರಿರುತ್ತದೆ. ನಮ್ಮ ಕಡೆಯ ಸಸ್ಯಾಹಾರಿ ಇಂಜಿನಿಯರ್ ಹುಡುಗರಿಗೆ ಸಾದಾ ಸೂಪು ಕೊಡುವಾಗಲೂ ಜೋಪಾನ, ದಾಶಿ ಎಂದರೆ ಹೆಚ್ಚಾಗಿ ಮೀನಿನ ರಸ. ಕೇಕಿಗೆ ರಮ್ಮು ಹಾಕಲೇಬೇಡಿ. ಕುಡಿದು ಗಾಡಿ ಓಡಿಸುವುದರ ಬಗ್ಗೆ ಅಲ್ಲಿಯ ಪೊಲೀಸರು ಭಾರಿ ಕಟ್ಟುನಿಟ್ಟು, ಕೇಕು ತಿಂದ ಅತಿಥಿಗೆ ಆ ಚಿಂತೆಯನ್ನು ಯಾಕೆ ಕೊಡಬೇಕು.

ಈ ವಿದ್ಯಾರ್ಥಿಗಳನ್ನು ಹೊಸ ವರ್ಷಕ್ಕೂ ಕರೆಯಿರಿ. ಜನವರಿಯ ಮೊದಲ ಮೂರು ದಿನ ಜಪಾನಿನವರೆಲ್ಲ ತಂತಮ್ಮ ತವರಿಗೆ ಹೋಗಿರುತ್ತಾರೆ, ಕಾಲೇಜಿನ ಊಟದ ಮನೆ ಮುಚ್ಚಿರುತ್ತದೆ, ಹಾಸ್ಟೆಲಿನಲ್ಲಿ ಈ ಪರದೇಶದ ಮಕ್ಕಳೇ ಉಳಿಯುವುದು. ತಿರುಗಿ ಊಟ ಹಾಕಲಾರದವರನ್ನು ಕರೆಯಿರಿ ಎಂದು ಲೂಕನ 14ನೆಯ ಅಧ್ಯಾಯದಲ್ಲಿ ಇದೆಯಲ್ಲ, ಅದಕ್ಕೆ ಇದಕ್ಕಿಂತ ಸಲೀಸಾದ ದಾರಿ ನನಗೆ ಕಂಡಿಲ್ಲ.

ಮನೆಯ ಅಣಿ ಹೆಚ್ಚಿಲ್ಲ. ಬಾಗಿಲ ಬಳಿ ಚಪ್ಪಲಿ ಬಿಡುವ ಗೆಂಕಾನ್ ಖಾಲಿ ಮಾಡಿ, ಎಲ್ಲರಿಗೂ ಸ್ಲಿಪ್ಪರ್ ಇಡಿ. ಟಾಯ್ಲೆಟ್ಟಿಗೆ ಬೇರೆಯೇ ಜೊತೆ, ಅದು ಅಲ್ಲೇ ಇರಬೇಕು. ಗೋದಲಿಯ ಮುಂದೆ ಮೇಣದ ಬತ್ತಿ ಬೇಡ, ಭೂಮಿ ಯಾವಾಗ ಅಲುಗುತ್ತದೋ ಯಾರಿಗೆ ಗೊತ್ತು. ಸೀಮೆಎಣ್ಣೆ ಹೀಟರ್ ಉರಿಸಿದರೆ ಆಗಾಗ ಕಿಟಕಿ ತೆರೆಯಿರಿ. ನಿಮ್ಮ ಮಕ್ಕಳಿಗೆ ಅನ್ನದಲ್ಲಿ ಚಾಪ್‌ಸ್ಟಿಕ್ ನೆಟ್ಟು ನಿಲ್ಲಿಸಬಾರದೆಂದು ಮೊದಲೇ ಹೇಳಿ, ಅಲ್ಲಿ ಅದು ಸತ್ತವರಿಗೆ ಇಡುವ ಕ್ರಮ. ತಿಂಡಿಯ ಪೊಟ್ಟಣ ಕಟ್ಟುವಾಗ ನಾಲ್ಕು ನಾಲ್ಕು ಹಾಕಬೇಡಿ, ಐದಿರಲಿ.

ಪ್ರಾರ್ಥನೆ ಜಪಾನಿ ಭಾಷೆಯಲ್ಲೇ ಆಗಲಿ, ಒಂದು ನಿಮಿಷ ದಾಟದಿರಲಿ. ಊಟಕ್ಕೆ ಮುಂಚೆ ಕೈ ಮುಗಿಯುವುದು ಅವರಿಗೂ ರೂಢಿಯೇ. ಲೂಕ 2ನೆಯ ಅಧ್ಯಾಯವನ್ನು ಮಕ್ಕಳಿಂದ ಓದಿಸಿ, ರಾಗ ಗೊತ್ತಿರುವ ಒಂದು ಹಾಡು ಹಾಡಿಸಿ, ನಿಲ್ಲಿಸಿ. ಆಮೇಲೆ ಚಹಾ ಕುಡಿಯುತ್ತಾ ಯಾರಾದರೂ ನೀವು ದೇಶ ಬಿಟ್ಟು ಇಷ್ಟು ದೂರ ಯಾಕೆ ಬಂದಿರಿ ಎಂದು ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳಿ. ಕೇಳದಿದ್ದರೆ ಇನ್ನೊಂದು ಲೋಟ ಚಹಾ ಹೊಯ್ಯಿರಿ. ಸಭೆಯಲ್ಲಿ 24ರ ಸಂಜೆ ಮೇಣದ ಬತ್ತಿ ಹಚ್ಚುವ ಆರಾಧನೆ ಇರುತ್ತದೆ, ಅದರ ಚೀಟಿಯನ್ನು ಚಪ್ಪಲಿ ಮೆಟ್ಟುವ ಜಾಗದಲ್ಲಿ ಇಟ್ಟರೆ ಸಾಕು. ಬೇಕಾದವರು ತಾವೇ ತೆಗೆದುಕೊಳ್ಳುತ್ತಾರೆ.

ನೆವ್ರಿ ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ಅದನ್ನು ಗಟ್ಟಿ ಮಾಡುವ ಪುಡಿ ಅಂಗಡಿಯಲ್ಲಿ ಸಿಗುತ್ತದೆ. ಎಣ್ಣೆ ಬಿಸಿಯಿರುವಾಗಲೇ ಕಲಸಿ, ಆರಿದ ಮೇಲೆ ಗಿಣ್ಣದಂತೆ ಎದ್ದು ಬರುತ್ತದೆ, ಉರಿಯುವ ಕಸದ ಚೀಲಕ್ಕೆ ಹಾಕಿ. ಹಾಲಿನ ಪೆಟ್ಟಿಗೆ ತೊಳೆದು ಬಿಡಿಸಿ ಒಣಗಿಸಿ. ವರ್ಷದ ಕೊನೆಯ ದಿನಗಳಲ್ಲಿ ಕಸದ ಗಾಡಿಗೆ ರಜೆ, ಕೊನೆಯ ಗಾಡಿ ಯಾವ ದಿನ ಎಂದು ಪಕ್ಕದ ಮನೆಯಾಕೆಯನ್ನೇ ಕೇಳಿಕೊಳ್ಳಿ.